ಕೊನೆಯಲ್ಲಿ ಸೇರಿದವಳು

ಗ್ಯಾರೇಜಿನಲ್ಲಿ ಕ್ರಿಸ್ಟಾ, ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ಲಾರಿಯಡಿಯಲ್ಲಿ ಮಲಗಿ ರಿಪೇರಿ ಮಾಡುತ್ತಿದ್ದಳು. ಡೋರೀನ್‌ಗೆ ಕಂಡದ್ದು ಅವಳ ಬೂಟು ಮಾತ್ರ. ಬೂಟಿಗೇ ಹೇಳಿ ಹೋಗಿಬಿಡಲೇ ಅನ್ನಿಸಿತು. ಆದರೆ ಇಂಥದ್ದನ್ನು ಮುಖ ನೋಡಿಯೇ ಹೇಳಬೇಕು.

ನಗರಸಭೆಯ ಜೊತೆ ಯೂನಿಯನ್ ಮಾಡಿಕೊಂಡ ಒಪ್ಪಂದದಲ್ಲಿ ಇರುವುದು ಇಷ್ಟೇ: ಸೀನಿಯರ್ ಒಬ್ಬರ ಹುದ್ದೆ ಹೋದರೆ, ತಮಗೆ ಗೊತ್ತಿರುವ ಕೆಲಸದಲ್ಲಿರುವ ಜೂನಿಯರ್ ಒಬ್ಬರನ್ನು ಎಬ್ಬಿಸಿ ಆ ಜಾಗದಲ್ಲಿ ಅವರು ಕೂರಬಹುದು. ಎಬ್ಬಿಸುವವರೇ ಹೋಗಿ ಮುಖಕ್ಕೆ ಹೇಳಬೇಕು ಅಂತ ಎಲ್ಲೂ ಬರೆದಿಲ್ಲ. ಟೈರ್ ಕಾರ್ಖಾನೆ ಮುಚ್ಚಿದ ವರ್ಷ, ಹಾರ್ಕ್‌ನೆಸ್ ನಗರಸಭೆ ಮೊದಲ ಸಲ ಜನರನ್ನು ಮನೆಗೆ ಕಳಿಸಿದಾಗ, ಹಳಬರು ತಾವೇ ಮಾಡಿಕೊಂಡ ರೂಢಿ ಅದು. ಹೇಳದೆ ಕೂತವರ ಮೇಜಿಗೆ ಯಾರೂ ಊಟಕ್ಕೆ ಹೋಗುವುದಿಲ್ಲ.

ಡೋರೀನ್ ಊರಿನ ಬೀದಿ ಫಲಕಗಳನ್ನು ಮಾಡುತ್ತಿದ್ದವಳು. ಅದಕ್ಕೂ ಮೊದಲು ಇದೇ ಗ್ಯಾರೇಜಿನಲ್ಲಿ ಲಾರಿ ಓಡಿಸಿದ್ದಳು. ಈಗ ಫಲಕದ ಶೆಡ್ಡಿಗೆ ಬೀಗ ಬಿದ್ದಿತ್ತು. ಇನ್ನು ಮೇಲೆ ಹೊರಗಿನಿಂದ ತರಿಸುತ್ತಾರಂತೆ. ಮನೆಯಲ್ಲಿ ಗಂಡ ಲೆಸ್ಟರ್ ಆಕ್ಸಿಜನ್ ನಳಿಕೆ ಮೂಗಿಗೆ ಸಿಕ್ಕಿಸಿಕೊಂಡು ಟಿವಿ ಮುಂದೆ ಕೂತಿರುತ್ತಿದ್ದ. ಟೈರ್ ಕಾರ್ಖಾನೆಯ ಕರಿಪುಡಿ ಅವನ ಶ್ವಾಸಕೋಶವನ್ನು ತಿಂದುಹಾಕಿತ್ತು. ಅವನ ಔಷಧಿ, ಸಿಲಿಂಡರು ಎಲ್ಲವೂ ನಡೆಯುತ್ತಿದ್ದದ್ದು ಇವಳ ಕೆಲಸದ ವಿಮೆಯಿಂದ. ಕೆಲಸ ಹೋದರೆ ವಿಮೆಯೂ ಹೋಯಿತು.

ಇದೆಲ್ಲ ಆಗದೆಯೂ ಇರಬಹುದಿತ್ತು. ರಾಜ್ಯ ಸರ್ಕಾರ ಊರಿಗೆ ಕೊಡುವ ಪಾಲನ್ನು ಇಳಿಸಿದಾಗ ಮೇಯರ್ ವಾಲ್ಟ್ ಒಂದು ದಾರಿ ಹೇಳಿದ್ದ: ಎಲ್ಲರೂ ವಾರಕ್ಕೊಂದು ದಿನ ಸಂಬಳವಿಲ್ಲದ ರಜೆ ತೆಗೆದುಕೊಳ್ಳಿ, ಯಾರನ್ನೂ ತೆಗೆಯುವುದಿಲ್ಲ. ವಾಲ್ಟ್ ಕೂಡ ಒಂದು ಕಾಲದಲ್ಲಿ ಯೂನಿಯನ್ನಿನವನೇ. ಅವನಿಗಾಗಿ ಇವರೆಲ್ಲ ಮನೆಮನೆ ತಿರುಗಿ ಓಟು ಕೇಳಿದ್ದರು. ಇದನ್ನು ತೀರ್ಮಾನಿಸಲು ಕರೆದ ಯೂನಿಯನ್ ಸಭೆಯಲ್ಲಿ ಎದ್ದು ನಿಂತವಳು ಡೋರೀನ್.

"ವಾಲ್ಟ್ ನಮ್ಮೋನು. ಹೆದರಿಸ್ತಾನೆ, ಅಷ್ಟೇ. ಕೆಲಸ ಕತ್ತರಿಸೋಕೆ ಅವನಿಗೆ ಕೈ ಬರಲ್ಲ," ಅಂದಿದ್ದಳು. ಹಾಲ್ ಪೂರ್ತಿ ಆ ರಜೆ ಬೇಡ ಎಂದು ಕೈ ಎತ್ತಿತ್ತು.

ವಾಲ್ಟ್ ಕತ್ತರಿಸಿದ.

"ಬೂಟ್ ತುಂಬ ಬಣ್ಣ! ಡೋರೀನ್ ತಾನೆ?" ಲಾರಿಯಡಿಯಿಂದ ಧ್ವನಿ ಬಂತು. "ಆ ಸ್ಪ್ಯಾನರ್ ಕೊಡಿ ಇಲ್ಲಿ. ಈ ಮುದುಕಿ ಇವತ್ತು ಉಪ್ಪು ಉಗುಳಲ್ಲ ಅಂತ ಹಠ ಹಿಡಿದಿದಾಳೆ."

ಡೋರೀನ್ ಬಗ್ಗಿ ಸ್ಪ್ಯಾನರ್ ಕೊಟ್ಟಳು. "ಹೊರಗ್ ಬಾರೇ."

"ಎರಡ್ ನಿಮಿಷ."

"ಈಗ್ಲೇ ಬಾ."

ಕ್ರಿಸ್ಟಾ ಜಾರಿಕೊಂಡು ಹೊರಬಂದಳು. ಗಲ್ಲಕ್ಕೆ ಗ್ರೀಸ್ ಮೆತ್ತಿತ್ತು. ಇನ್ನೂ ಏನೋ ತಮಾಷೆ ಮಾಡಲು ಬಾಯಿ ತೆರೆದವಳು ಡೋರೀನ್‌ಳ ಮುಖ ನೋಡಿ ಎದ್ದು ಕೂತಳು.

"ನನ್ನನ್ನಾ ಎಬ್ಬಿಸೋದು?"

"ಹೂಂ."

"ಆ ಮರ್ವಿನ್ ಇದಾನಲ್ಲ, ಅರ್ಧ ದಿನ ಸ್ಟೀರಿಂಗ್ ಮೇಲೇ ಗೊರಕೆ ಹೊಡೀತಾನೆ."

"ಮರ್ವಿನ್ ನನಗಿಂತ ಸೀನಿಯರ್ ಕಣೇ. ಲಾರಿಯಲ್ಲಿ ನನಗಿಂತ ಕೆಳಗಿರೋದು ನೀನೊಬ್ಳೇ."

ಕ್ರಿಸ್ಟಾಳಿಗಿಂತ ಕೆಳಗೆ ಯಾರೂ ಇರಲಿಲ್ಲ. ಎಬ್ಬಿಸಲು ಅವಳಿಗೆ ಯಾರೂ ಉಳಿದಿರಲಿಲ್ಲ. ಚಳಿಗಾಲ ಮುಗಿಯುವವರೆಗೆ ತಡೆಯಲು ಆಗುತ್ತದೆಯೇ ಎಂದು ಕೇಳಿದಳು. ಲೆಸ್ಟರ್‌ಗೆ ಆಗುವುದಿಲ್ಲ ಎಂದಳು ಡೋರೀನ್. ಊರಾಚೆಯ ಜೈಲಿನಲ್ಲಿ ಕಾವಲು ಕೆಲಸಕ್ಕೆ ಕೇಳುತ್ತೇನೆ ಎಂದಳು ಕ್ರಿಸ್ಟಾ. ಆ ಜೈಲನ್ನೂ ಮುಚ್ಚುವ ಸುದ್ದಿ ಇಬ್ಬರಿಗೂ ಗೊತ್ತಿತ್ತು.

"ಅವತ್ತು ಸಭೇಲಿ ನಿಮ್ಮ ಪಕ್ಕ ಕೂತಿದ್ದೆ, ಅದಕ್ಕೇ ಕೈ ಎತ್ತಿದೆ," ಎಂದಳು ಕ್ರಿಸ್ಟಾ, ಗ್ರೀಸ್ ಒರೆಸಿಕೊಳ್ಳುತ್ತ. ಸಿಟ್ಟಿನಿಂದಲ್ಲ, ನಾಳೆಯ ಹವಾಮಾನ ಹೇಳುವ ಹಾಗೆ. "ಇಲ್ದಿದ್ರೆ ವಾರಕ್ಕೊಂದು ದಿನ ಮಗಳ ಜೊತೆ ಮನೇಲಿರ್ತಿದ್ದೆ."

ಕ್ಷಮಿಸು ಎಂದು ಡೋರೀನ್ ಕೇಳುವಂತಿರಲಿಲ್ಲ, ಅದೂ ರೂಢಿಯೇ. ಕೇಳಿದರೆ ಎದುರಿನವರು ಪರವಾಗಿಲ್ಲ ಅನ್ನಬೇಕಾಗುತ್ತದೆ.

ಕ್ರಿಸ್ಟಾ ಮತ್ತೆ ಅಂಗಾತ ಮಲಗಿ ಲಾರಿಯಡಿ ಜಾರಿದಳು. "ಇದನ್ನ ಸರಿ ಮಾಡ್ಕೊಡ್ತೀನಿ. ಅರ್ಧಕ್ಕೆ ಬಿಟ್ಟೋದ್ಳು ಅಂತ ನಾಳೆ ಯಾರೂ ಅನ್ಬಾರ್ದು. ಹೋಗಿ ನೀವು, ಬೆಳಕಿಗೆ ಅಡ್ಡ ನಿಂತಿದೀರ."

ಮುಂದಿನ ವಾರ ಈರೀ ಸರೋವರದ ಕಡೆಯಿಂದ ಗಾಳಿ ಎದ್ದು, ಇಡೀ ರಾತ್ರಿ ಹಿಮ ಬಿತ್ತು. ಬೆಳಿಗ್ಗೆ ಡೋರೀನ್ ಲಾರಿಯ ಮುಂದೆ ಹಿಮ ತಳ್ಳುವ ಅಲಗು ಕಟ್ಟಿಕೊಂಡು ಹೊರಟಳು. ಅವಳ ದಾರಿಯಲ್ಲಿ ಕ್ರಿಸ್ಟಾಳ ಬೀದಿಯೂ ಇತ್ತು. ಅಲಗು ಹಿಮವನ್ನೆಲ್ಲ ಬಲಕ್ಕೇ ಎಸೆಯುತ್ತದೆ. ಬೀದಿ ತೆರವಾಗುತ್ತದೆ, ಬಲಬದಿಯ ಮನೆಗಳವರು ಕಾರು ಹೊರತೆಗೆಯುವ ದಾರಿಗೆ ಮೊಣಕಾಲೆತ್ತರದ ದಿಣ್ಣೆ ಅಡ್ಡ ಬೀಳುತ್ತದೆ. ಕ್ರಿಸ್ಟಾಳ ಮನೆ ಬಲಕ್ಕಿತ್ತು. ಅಲ್ಲಿ ಬಂದಾಗ ಡೋರೀನ್ ನಿಧಾನ ಮಾಡಿದಳು. ಅಲಗು ಎತ್ತುವ ಲಿವರಿನ ಮೇಲೆ ಕೈ ಇಟ್ಟಳು. ಎತ್ತಿದರೆ ಮುಂದೆ ತಳ್ಳಿಕೊಂಡು ಬಂದ ಹಿಮವೆಲ್ಲ ನಡುಬೀದಿಯಲ್ಲಿ ಉಳಿಯುತ್ತದೆ, ಹಿಂದೆ ಶಾಲೆಯ ಬಸ್ಸು ಬರುವುದಿತ್ತು.

ಕೈ ಹಿಂತೆಗೆದು ಮುಂದೆ ಹೋದಳು.

ಕನ್ನಡಿಯಲ್ಲಿ ಕ್ರಿಸ್ಟಾ ಸಲಿಕೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದು ಕಂಡಿತು. ಲಾರಿ ಪೂರ್ತಿ ದಾಟುವ ತನಕ ಕಾದಳು. ಆಮೇಲೆ ಇಳಿದು ಬಂದು, ತಲೆ ಎತ್ತದೆ, ದಿಣ್ಣೆಯ ಒಂದು ತುದಿಯಿಂದ ಅಗೆಯತೊಡಗಿದಳು.