ತೆಗೆದಿಟ್ಟು ಹೋದವನು

ಬಸಲಿಂಗವ್ವನ ಹೆಣ ಕೂರಿಸಿದ್ದ ಬಿದಿರಿನ ವಿಮಾನಕ್ಕೆ ನಾಲ್ವರು ಗಂಡಸರು ಹೆಗಲು ಕೊಡುತ್ತಿದ್ದಂತೆ ಅಂದಾನಪ್ಪ ಕೈ ಅಡ್ಡ ಹಿಡಿದ. ಸತ್ತವಳ ಅಣ್ಣ, ಇಳಕಲ್ಲಿನ ಆ ಓಣಿಯಲ್ಲಿ ಅವನ ಮಾತು ಮೀರಿದವರಿಲ್ಲ. ಸತ್ತವಳ ಮಗಳು ನೇತ್ರಾಳ ಮುಂದೆ ವಕೀಲರು ಬರೆದುಕೊಟ್ಟ ಕಾಗದ ಚಾಚಿದ.

"ಸಹಿ ಮಾಡವಾ. ಆಮ್ಯಾಲೆ ಒಯ್ಯೂಣು."

ಬಸಲಿಂಗವ್ವನ ಮಗ ಪ್ರವೀಣಕುಮಾರ ಠಾಣೆಯಲ್ಲಿದ್ದ. ಮೊನ್ನೆ ಸಂಜೆ ಕಂಠಮಟ್ಟ ಕುಡಿದು ಬಂದು ಹೆತ್ತವಳ ತಲೆಯನ್ನು ಗೋಡೆಗೆ ಬಡಿದಿದ್ದ. ಕಂಡವಳು ತಂಗಿ ನೇತ್ರಾ ಒಬ್ಬಳೇ. ಅವನಿಗೆ ಏನೂ ತಿಳಿಯುತ್ತಿರಲಿಲ್ಲ, ಮಾಡಿದ್ದೆಲ್ಲ ಕುಡಿದಿದ್ದ ಸೆರೆಯೇ ಎಂದು ಕಾಗದ ಹೇಳುತ್ತಿತ್ತು. ಅಂಗಳದಲ್ಲಿದ್ದವರೂ ಅದನ್ನೇ ಹೇಳುತ್ತಿದ್ದರು: ಹೋದವಳು ಹೋದಳು, ಇದ್ದವನನ್ನು ಉಳಿಸಿಕೊಳ್ಳಬೇಕು. ಕೊಂದವನಿಗೆ ಸಿಕ್ಕ ಈ ಕನಿಕರದ ಒಂದು ಪಾಲೂ ಅವಳಿಗೆ ಬದುಕಿದ್ದಾಗ ಸಿಕ್ಕಿರಲಿಲ್ಲ.

"ಖಬರ ಇಲ್ಲದವ ಮಾಡಿದ್ದು ತಪ್ಪು ಹೆಂಗ ಆಗ್ತದ?" ಅಂದಾನಪ್ಪ ಕೇಳಿದ.

*

ಕುಡಿಯಲು ಹೊರಡುವ ಮುಂಚೆ ಪ್ರವೀಣ ಕೊರಳ ಇಷ್ಟಲಿಂಗ ಬಿಚ್ಚಿ, ಮಡಿಬಟ್ಟೆಯಲ್ಲಿ ಸುತ್ತಿ, ದೇವರ ಮಾಡದಲ್ಲಿಡುತ್ತಿದ್ದ. ಬೆಳಿಗ್ಗೆ ಮಿಂದು ಮತ್ತೆ ಕಟ್ಟಿಕೊಳ್ಳುತ್ತಿದ್ದ. ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದು ಅವನನ್ನು ಸಾಕಿದ ಬಸಲಿಂಗವ್ವನಿಗೆ ಅದೇ ಹೆಮ್ಮೆ. ಎಷ್ಟು ಕುಡಿದರೂ ಲಿಂಗಕ್ಕೆ ಮೈಲಿಗೆ ಮಾಡುವವನಲ್ಲ ಎಂದು, ತೋಳಿನ ಬಾಸುಂಡೆಗೆ ಸೆರಗು ಮುಚ್ಚಿಕೊಳ್ಳುತ್ತ, ಪಕ್ಕದ ಮಗ್ಗದ ನರ್ಗೀಸಳಿಗೆ ಹೇಳುತ್ತಿದ್ದಳು.

ಮೊನ್ನೆಯೂ ಬಿಚ್ಚಿಟ್ಟ. ಹೊಸ್ತಿಲಲ್ಲಿ ನಿಂತು ಹೇಳಿದ: "ಯವ್ವಾ, ನಾ ಬಂದಾಗ ಎದುರು ನಿಲ್ಲಬ್ಯಾಡ. ಇಬ್ರೂ ಒಳಗ ಅಗಳಿ ಹಾಕ್ಕೊಂಡು ಕೂಡ್ರಿ."

ಹಸಿದು ಬಂದಾನೆಂದು ಅವಳು ಅಗಳಿ ತೆಗೆದಿದ್ದಳು.

*

ನೇತ್ರಾ ಕಾಗದ ಓದಿ ಮಡಚಿ ಹಿಂದಕ್ಕೆ ಕೊಟ್ಟಳು.

"ಲಿಂಗಾ ತಗದಿಡೂಮುಂದ ಖಬರ ಇತ್ತಲ್ರಿ, ಮಾವಾ. ಅಗಳಿ ಹಾಕ್ಕೋರಿ ಅಂದಾಗೂ ಇತ್ತು. ಠಾಣೆದಾಗ ಅದನ್ನ ಹೇಳ್ತೇನಿ."

"ಒಡಹುಟ್ಟಿದವನ್ನ ಜೇಲಿಗೆ ಕಳಸ್ತಿಯೇನು?"

"ಅವ ತನ್ನ ಕಾಲಿಲೇ ಹೋಗ್ಯಾನ್ರಿ."

ಅಂದಾನಪ್ಪ ಗಂಡಸರತ್ತ ನೋಡಿದ. ಒಬ್ಬ ಹೆಗಲು ಸರಿಸಿದ. ಉಳಿದವರೂ ಬಗ್ಗಿ ವಿಮಾನವನ್ನು ಮೆಲ್ಲಗೆ ಕೆಳಗಿಟ್ಟು ಗೋಡೆಯ ನೆರಳಿಗೆ ಹೋಗಿ ನಿಂತರು.

ನೇತ್ರಾ ಸೀರೆ ಎತ್ತಿಕಟ್ಟಿ ಮುಂದಿನ ಬಿದಿರಿಗೆ ಕೈ ಹಾಕಿದಳು. ಇನ್ನೊಂದಕ್ಕೆ ನರ್ಗೀಸ ಬಂದಳು. ಇಬ್ಬರೂ ಸೊಂಟದವರೆಗೆ ಎತ್ತಿ ಎಳೆದರು. ಹಿಂದಿನ ಎರಡು ಬಿದಿರುಗಳು ಓಣಿಯ ಮಣ್ಣಿನಲ್ಲಿ ಆಳವಾಗಿ ಎರಡು ಗೆರೆ ಕೊರೆಯುತ್ತ ಹೊರಟವು. ಗಂಡಸರು ಕಾಲು ಹಿಂದಕ್ಕೆ ಎಳೆದುಕೊಂಡರು.