ಅಕ್ಕನ ಹಿತ್ತಲಿನ ಮಣ್ಣು

ರಾತ್ರಿಯೆಲ್ಲ ಹುಯ್ದ ಮಳೆ ಬೆಳಗಿನ ಹೊತ್ತಿಗೆ ತನ್ನ ಪಾಡಿಗೆ ತಾನು ನಿಂತಿತ್ತು. ಆಕಾಶ ತೊಳೆದು ಬೋರಲು ಹಾಕಿದ ತಟ್ಟೆಯಂತಿತ್ತು. ಡ್ರಾಯಿಂಗ್ ಮೇಷ್ಟ್ರು ಚಪ್ಪಲಿಯನ್ನೂ ಮೆಟ್ಟದೆ ಹಿತ್ತಲಿಗೆ ಓಡಿ, ತಾವೇ ಕಟ್ಟಿದ ಮಣ್ಣಿನ ಗೋಡೆಯನ್ನು ಕಂಡು ಕೈ ಮುಗಿದರು. ಗೋಡೆ ನಿಂತಿತ್ತು.

ನಿವೃತ್ತಿಯಾದಾಗಿನಿಂದ ಮೇಷ್ಟ್ರಿಗೆ ಒಂದೇ ಗುಂಗು. ದೂರದೇಶಕ್ಕೆ ಹೋಗಿ, ಸೂರಿಲ್ಲದವರಿಗೆ ಸಿಮೆಂಟಿಲ್ಲದ, ಭೂಮಿಗೆ ಭಾರವಾಗದ ಮನೆ ಕಟ್ಟಿಕೊಡಬೇಕು. ಸ್ವಯಂಸೇವಕರನ್ನು ಕಳಿಸುವ ಸಂಸ್ಥೆಯವರು ಒಂದು ಷರತ್ತು ಹಾಕಿದ್ದರು: ಸ್ವಂತ ಕೈಯಿಂದ ಸೊಂಟದೆತ್ತರದ ಗೋಡೆ ಕಟ್ಟಬೇಕು, ಅದು ಒಂದು ಜೋರು ಮಳೆಗೆ ಜಗ್ಗದೆ ನಿಲ್ಲಬೇಕು, ಆಮೇಲೆ ಪರೀಕ್ಷಕಿ ಬಂದು ನೋಡಿ ಹೂಂ ಅನ್ನಬೇಕು. ಮೇಷ್ಟ್ರ ವಯಸ್ಸಿಗೆ ಇದೇ ಕೊನೆಯ ತಂಡ. ಇದು ತಪ್ಪಿದರೆ ಮತ್ತೆ ಕರೆಯುವವರಿಲ್ಲ.

“ಮನೇಲಿ ಒಂದು ಮೊಳೆ ಹೊಡೀರಿ ಅಂದ್ರೆ ಹೆಬ್ಬೆಟ್ಟು ಜಜ್ಜಿಕೊಳ್ಳೋರು, ಪರದೇಶದಲ್ಲಿ ಮನೆ ಕಟ್ತಾರಂತೆ!” ಎನ್ನುತ್ತಿದ್ದರು ಹೆಂಡತಿ. “ಪಾಪ, ಆ ಜನ ನಮಗೇನು ಅನ್ಯಾಯ ಮಾಡಿದ್ರು?”

ಮೇಷ್ಟ್ರ ಹಿತ್ತಲಲ್ಲಿ ಬರೀ ಮರಳು. ಜಿಗುಟು ಮಣ್ಣಿದ್ದದ್ದು ಬೇಲಿಯಾಚೆ, ಪಕ್ಕದ ಮನೆಯಲ್ಲೇ ಇದ್ದ ಅವರ ಸ್ವಂತ ಅಕ್ಕನ ಹಿತ್ತಲಲ್ಲಿ.

“ಬೇಕಾದಷ್ಟು ತಗೊಳ್ಳೋ,” ಅಂದಿದ್ದಳು ಅಕ್ಕ. “ಹೊರಡೋಕೆ ಮುಂಚೆ ವಾಪಸ್ ಹಾಕಿ ಹೋಗು, ಅಷ್ಟೇ.”

“ಮಣ್ಣಿನ ದೊಡ್ಡಸ್ತಿಕೆನೇ ಅದಲ್ವೇನಕ್ಕ! ಬೇಡವಾದಾಗ ಒಡೆದರೆ, ಬಂದಲ್ಲಿಗೇ ಹೋಗುತ್ತೆ.”

ಮೇಷ್ಟ್ರು ಅಗೆದದ್ದು ಅಕ್ಕನ ಬಚ್ಚಲುಮನೆಯ ಬುಡದಲ್ಲಿ. ಅಲ್ಲಿ ನೆರಳಿತ್ತು, ಮಣ್ಣು ಮೆತ್ತಗಿತ್ತು, ಬುಟ್ಟಿ ಹೊತ್ತು ಬಹಳ ದೂರ ನಡೆಯುವ ತಾಪತ್ರಯವಿರಲಿಲ್ಲ. ಭೂಮಿತಾಯಿಗೆ ನೋವಾಗದಂತೆ ಬದುಕುವುದು ಹೇಗೆಂದು ಅಕ್ಕನಿಗೆ ವಿವರಿಸುತ್ತಲೇ ಗುದ್ದಲಿ ಹಾಕಿದ್ದರು.

ಈಗ ಬೇಲಿಯ ಮೇಲಿಂದ ಇಣುಕಿದರೆ, ಆ ಗುಂಡಿ ಕೆರೆಯಾಗಿತ್ತು. ಬಚ್ಚಲುಮನೆಯ ಹಿಂದಿನ ಗೋಡೆ ಬಿಸಿಲಿಗೆ ಬೇಸತ್ತ ಎಮ್ಮೆಯಂತೆ ಅದರೊಳಗೆ ಮಲಗಿತ್ತು. ಮಳೆ ಕಳಿಸಿದವನು ಎರಡು ಹಿತ್ತಲಿಗೂ ಒಂದೇ ಸಮನಾಗಿ ಕಳಿಸಿದ್ದ; ಗುಂಡಿಯನ್ನು ಮಾತ್ರ ಅವನು ತೋಡಿರಲಿಲ್ಲ.

ಅಕ್ಕ ಆಗಲೇ ಗೋಡೆಯಿದ್ದ ಕಡೆ ಹಗ್ಗ ಕಟ್ಟಿ, ಹಳೆಯ ದುಪ್ಪಟಿಯೊಂದನ್ನು ಇಳಿಬಿಡುತ್ತಿದ್ದಳು.

“ಅಕ್ಕ...”

“ಬಾಯಿ ಮುಚ್ಚು. ಯಾರಿಗೂ ಪೆಟ್ಟಾಗಿಲ್ಲ. ಆ ಪರೀಕ್ಷೆ ಮಾಡೋ ಯಮ್ಮ ಬಂದುಹೋಗಲಿ, ಆಮೇಲೆ ಎಷ್ಟು ಬೇಕಾದರೂ ಅಳು.”

ಬಿಸಿಲೇರುವ ಹೊತ್ತಿಗೆ ಪರೀಕ್ಷಕಿ ಬಂದರು. ಗೋಡೆಯನ್ನು ಅಂಗೈಯಲ್ಲಿ ನೂಕಿದರು, ಭುಜ ಕೊಟ್ಟು ನೂಕಿದರು, ಮೂಲೆಗಳನ್ನು ಬೆರಳಲ್ಲಿ ಸವರಿದರು. ಮುಖ ಅರಳಿತು.

“ಮಣ್ಣು ಎಲ್ಲಿಂದ ತೆಗೆದ್ರಿ ಮೇಷ್ಟ್ರೇ? ಆ ಜಾಗ ಒಂಚೂರು ನೋಡೋಣ. ಒಂದು ಕಡೆ ಕಟ್ಟೋಕೆ ಇನ್ನೊಂದು ಕಡೆ ಕೆಡಿಸಬಾರದು ನೋಡಿ. ನಮ್ಮ ಮೊದಲ ಪಾಠನೇ ಅದು.”

ಆ ಪಾಠ ಮೇಷ್ಟ್ರಿಗೆ ಬಾಯಿಪಾಠವಾಗಿತ್ತು. ಆದರೆ ಬಾಯೇ ಒಣಗಿತ್ತು. ಮೇಷ್ಟ್ರ ಕಣ್ಣು ಹೋದ ಕಡೆಗೇ ಪರೀಕ್ಷಕಿ ಬೇಲಿ ದಾಟಿ ದುಪ್ಪಟಿಯ ಹತ್ತಿರ ಬಂದರು. ಆಚೆಯಿಂದ ದಬದಬ ನೀರು ಸುರಿಯುವ ಸದ್ದು.

“ಯಾರದು? ಸ್ನಾನ ಮಾಡ್ತಿದೀನಿ! ಮಾನ ಮರ್ಯಾದೆ ಅನ್ನೋದು ಇಲ್ವಾ?”

“ಅಯ್ಯಯ್ಯೋ, ಗೊತ್ತಾಗ್ಲಿಲ್ಲ ಕಣಮ್ಮ!” ಪರೀಕ್ಷಕಿ ನಾಲಿಗೆ ಕಚ್ಚಿಕೊಂಡು ಹಿಂದೆ ಸರಿದರು. ಗೇಟಿನ ಬಳಿ ಮೇಷ್ಟ್ರ ಕೈ ಕುಲುಕಿ, “ಗುಂಡಿ ಇರಲಿ ಬಿಡಿ. ನೀವು ಪಾಸು. ಭಾನುವಾರ ವಿಮಾನ, ಬೆಚ್ಚಗಿನ ಬಟ್ಟೆ ಇಟ್ಟುಕೊಳ್ಳಿ,” ಎಂದು ಹೊರಟುಹೋದರು.

ಮೇಷ್ಟ್ರು ಹಿಂದಿರುಗಿ ದುಪ್ಪಟಿ ಸರಿಸಿದರು. ಅಕ್ಕ ಬಿದ್ದ ಗೋಡೆಯ ಮುಂದೆ ಸ್ಟೂಲು ಹಾಕಿಕೊಂಡು, ಉಟ್ಟ ಬಟ್ಟೆಯಲ್ಲೇ ಕೂತು, ಬರಿಯ ಕಲ್ಲಿನ ಮೇಲೆ ಚೊಂಬು ಚೊಂಬು ನೀರು ಸುರಿಯುತ್ತಿದ್ದಳು. ತಲೆಗೂದಲು ಒಂದೆಳೆಯೂ ನೆನೆದಿರಲಿಲ್ಲ. ದುಪ್ಪಟಿ ಹಾರದಂತೆ ಅದರ ಅಂಚನ್ನು ಪಾದದಲ್ಲಿ ಅದುಮಿಟ್ಟಿದ್ದಳು.

“ಹೋದಳಾ?”

“ಹೂಂ.”

“ಪಾಸಾ?”

“ಹೂಂ.”

“ಮತ್ತೆ ಮುಖ ಯಾಕೆ ಹರಳೆಣ್ಣೆ ಕುಡಿದಂಗೆ? ನಿನಗೋಸ್ಕರ ಒಂದು ಹಂಡೆ ನೀರು ದಂಡ ಮಾಡಿದೀನಿ. ಹೋಗು, ಪೆಟ್ಟಿಗೆ ಕಟ್ಟು.”

“ನಿನ್ನ ಸ್ನಾನ?”

“ಕತ್ತಲಾಗಲಿ, ಮಾಡ್ತೀನಿ. ಸ್ನಾನ ಆದಮೇಲಿನ ಪ್ರಾರ್ಥನೆ ಒಂದಿಷ್ಟು ತಡವಾದರೆ ಮೇಲಿನವನು ಬಾಗಿಲು ಹಾಕ್ಕೊಳ್ಳಲ್ಲ.”

ಮೇಷ್ಟ್ರು ತಮ್ಮ ಗೋಡೆಯ ಮುಂದೆ ಬಂದು ನಿಂತರು. ಮಣ್ಣನ್ನು ನೆನೆಹಾಕಿ, ತುಳಿದು, ಒಂದೊಂದು ಪದರವೂ ಆರುವತನಕ ಕಾದು ಅಕ್ಕನ ಗೋಡೆ ಎಬ್ಬಿಸುವಷ್ಟರಲ್ಲಿ ಭಾನುವಾರದ ವಿಮಾನ ಎಂದೋ ಹಾರಿರುತ್ತದೆ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಕಲಿತದ್ದೇ ಅದನ್ನಲ್ಲವೇ. ಅವರು ಹಾರೆ ಎತ್ತಿಕೊಂಡರು.

ಮಳೆಗೆ ಜಗ್ಗದ ಗೋಡೆ ಹಾರೆಗೂ ಸುಲಭಕ್ಕೆ ಜಗ್ಗಲಿಲ್ಲ. ಅಷ್ಟು ಚೆನ್ನಾಗಿ ಕಟ್ಟಿದ್ದರು.

ಸದ್ದು ಕೇಳಿ ಹೆಂಡತಿ ಓಡಿ ಬಂದರು. “ನಿಂತಿರೋ ಗೋಡೆನ ಯಾಕ್ರೀ...” ಎಂದವರ ಕಣ್ಣು ಬೇಲಿಯಾಚೆಯ ದುಪ್ಪಟಿಯ ಮೇಲೆ ಬಿತ್ತು. ಆಮೇಲೆ ಬುಟ್ಟಿಯ ಒಂದು ಕಿವಿ ಹಿಡಿದು, “ಹೆಬ್ಬೆಟ್ಟು ಜೋಪಾನ,” ಎಂದಷ್ಟೇ ಅಂದರು.

ಇಬ್ಬರೂ ಸೇರಿ ಮೊದಲ ಬುಟ್ಟಿಯನ್ನು ಬೇಲಿ ದಾಟಿಸಿದರು. ಅಕ್ಕ ಏನೋ ಬೈಯಲು ಬಾಯಿ ತೆರೆದಳು. ಮೇಷ್ಟ್ರು ತಲೆ ಎತ್ತಲಿಲ್ಲ. ಮಣ್ಣನ್ನು ಗುಂಡಿಯ ಅಂಚಿನಲ್ಲಿ, ಅವಳ ಕಾಲ ಬಳಿ ಮೆಲ್ಲಗೆ ಸುರಿದು, ಖಾಲಿ ಬುಟ್ಟಿ ಹಿಡಿದುಕೊಂಡು ಇನ್ನೊಂದು ತರಲು ಹೋದರು.