ಕೆಂಚಿಯ ಬೆನ್ನಿಗೆ ಸುರಿದ ಸುಟ್ಟ ಆಯಿಲ್

ಜಿಗಣಿಯ ಪಾಪಯ್ಯನವರ ವಠಾರದಲ್ಲಿ ಎಂಟು ಮನೆ, ಎಂಟೂ ಬಾಡಿಗೆಗೆ. ಅಲ್ಲಿನ ನೀರಿನ ತೊಟ್ಟಿಯ ಪಕ್ಕ ಒಂದು ಕೆಂಚು ಬಣ್ಣದ ಹೆಣ್ಣು ನಾಯಿ ಬಂದು ಮಲಗತೊಡಗಿತು. ಮೈತುಂಬ ಕಜ್ಜಿ. ಕೂದಲು ಉದುರಿ ಚರ್ಮ ಬಿರುಕು ಬಿಟ್ಟಿತ್ತು. ಮಕ್ಕಳಿಗೆ ಅಂಟುತ್ತದೆ, ಓಡಿಸಿ ಎಂದು ಬಾಡಿಗೆಯವರು ದಿನಾ ದೂರು ಹೇಳುತ್ತಿದ್ದರು.

ಪಾಪಯ್ಯನವರು ಕಲ್ಲು ಹೊಡೆಯುವವರ ಪೈಕಿಯಲ್ಲ. ತಮಗೆ ವೈದ್ಯ ಗೊತ್ತು ಎಂಬ ನಂಬಿಕೆ ಅವರದು. ಗ್ಯಾರೇಜಿನಿಂದ ಒಂದು ಡಬ್ಬ ಸುಟ್ಟ ಎಂಜಿನ್ ಆಯಿಲ್ ತಂದರು. ಬ್ರೆಡ್ ತೋರಿಸಿ ನಾಯಿಯನ್ನು ಹತ್ತಿರ ಕರೆದರು. ಅದು ಬ್ರೆಡ್ ತಿನ್ನುತ್ತಿರುವಾಗಲೇ ಕುತ್ತಿಗೆಯಿಂದ ಬಾಲದವರೆಗೆ ಸುರಿದರು. ನಾಯಿ ಚೀರುತ್ತ ಓಡಿತು.

ಮೂರನೇ ಮನೆಯ ಮರೆವ್ವ ಆಗಷ್ಟೇ ಕೆಲಸ ಮುಗಿಸಿ ಬಂದಳು. ರಾಯಚೂರು ಕಡೆಯವಳು. ಪಶು ಆಸ್ಪತ್ರೆಯಲ್ಲಿ ಕಸ ಗುಡಿಸುತ್ತ, ಡಾಕ್ಟರಿಗೆ ದನ, ನಾಯಿ ಹಿಡಿದುಕೊಡುತ್ತ ಏಳು ವರ್ಷ ಕಳೆದವಳು.

"ಯಜಮಾನ್ರ, ಏನ್ ಹಚ್ಚೀರಿ ಅದಕ್ಕ?"

"ಸುಟ್ಟ ಆಯಿಲ್ ಕಣವ್ವಾ. ಎಂಟು ದಿನಕ್ಕೆ ಕಜ್ಜಿ ಒಂಟೋಯ್ತದೆ. ನಮ್ ಎತ್ತಿಗೂ ಇದ್ನೇ ಬಳೀತಿದ್ವಿ."

"ಅಯ್ಯ, ನಾಯಿ ಮೈ ನೆಕ್ಕತೈತ್ರಿ! ಆಯಿಲ್ ಹೊಟ್ಟ್ಯಾಗ ಹೋದ್ರ ವಿಷ. ಹುಣ್ಣಿಗೆ ತಾಗಿದ್ರ ಸುಡತೈತಿ."

"ಊರೆಲ್ಲಾ ಇಂಗೇ ಮಾಡೋದು. ನೀನೇನ್ ಡಾಕ್ಟ್ರಾ?"

"ಅಲ್ರಿ. ಆದ್ರ ಆಯಿಲ್ ನೆಕ್ಕಿದ ನಾಯಿ ಸತ್ತಿದ್ದು ಕಣ್ಣಾರೆ ನೋಡೀನಿ."

ಪಾಪಯ್ಯನವರು ನಕ್ಕು ಒಳಗೆ ಹೋದರು. ಮರೆವ್ವ ಕತ್ತಲಾಗುವವರೆಗೂ ಹುಡುಕಿದಳು. ನಾಯಿ ಸಿಗಲಿಲ್ಲ.

ಬೆಳಿಗ್ಗೆ ಅದು ತೊಟ್ಟಿಯ ಹತ್ತಿರ ವಾಂತಿಯಲ್ಲೇ ಬಿದ್ದಿತ್ತು. ಬೆನ್ನ ಮೇಲೆ ಬೊಬ್ಬೆ. ಮೈ ನಡುಗುತ್ತಿತ್ತು. ಪಾಪಯ್ಯನವರು ಓಡಿಬಂದು ಅದರ ಪಕ್ಕ ಕೂತರು.

"ನಾನೇ ಸಾಯಿಸ್ಬಿಟ್ನಾ ಮರೆವ್ವಾ?"

"ಇನ್ನೂ ಜೀವ ಐತ್ರಿ. ಮೊದ್ಲ ಆಟೋ ಕರೀರಿ."

ಮರೆವ್ವ ಕೈಗವಸು ಹಾಕಿಕೊಂಡು ಹಳೆಯ ಕಂಬಳಿಯಲ್ಲಿ ನಾಯಿಯನ್ನು ಸುತ್ತಿದಳು. ಆಸ್ಪತ್ರೆಯಲ್ಲಿ ಉಗುರುಬೆಚ್ಚಗಿನ ನೀರು, ಸೋಪು ಹಾಕಿ ಆಯಿಲ್ ತೊಳೆದರು. ಡ್ರಿಪ್ ಕೊಟ್ಟರು. ಕಜ್ಜಿ ಬರುವುದು ಕಣ್ಣಿಗೆ ಕಾಣದ ಹುಳದಿಂದ, ಔಷಧಿಯನ್ನು ನಾಯಿಯ ತೂಕ ನೋಡಿಯೇ ಕೊಡಬೇಕು ಎಂದು ಡಾಕ್ಟರು ಹೇಳಿದರು. ಮೂರು ದಿನ ಕಳೆದ ಮೇಲೆ ನಾಯಿ ತಲೆ ಎತ್ತಿತು.

ಪಾಪಯ್ಯನವರು ವಠಾರದ ಹಳೇ ಮೋಟಾರ್ ರೂಮನ್ನು ನಾಯಿಗೆಂದು ಖಾಲಿ ಮಾಡಿ ಕೊಟ್ಟರು. ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಮುಟ್ಟಿದವರು ಸೋಪು ಹಾಕಿ ಕೈ ತೊಳೆದರು. ಯಾರಿಗೂ ಕಜ್ಜಿ ಅಂಟಲಿಲ್ಲ. ಬಾಡಿಗೆಯವರೇ ಅದಕ್ಕೆ ಕೆಂಚಿ ಎಂದು ಹೆಸರಿಟ್ಟರು.

ಪಾಪಯ್ಯನವರು ದಿನಾ ಅನ್ನ, ಮೊಟ್ಟೆ ಒಯ್ಯುತ್ತಿದ್ದರು. ಅವರು ನಿಂತಿದ್ದರೆ ಕೆಂಚಿ ಮೂಲೆ ಬಿಟ್ಟು ಬರುತ್ತಿರಲಿಲ್ಲ. ತಟ್ಟೆ ಇಟ್ಟು ಗೋಡೆಯ ಆಚೆ ಹೋದ ಮೇಲೆಯೇ ತಿನ್ನುತ್ತಿತ್ತು. ಅವರಿಗೆ ಇದು ಬಹಳ ನೋವು ಕೊಟ್ಟಿತು.

ಮೂರು ತಿಂಗಳಲ್ಲಿ ಕೂದಲು ಬಂತು. ರೇಬಿಸ್ ಲಸಿಕೆ, ಮರಿಯಾಗದಂತೆ ಮಾಡುವ ಆಪರೇಷನ್ ಎರಡೂ ಆದವು. ಪಶು ಆಸ್ಪತ್ರೆಯಿಂದ ವಿಷಯ ತಿಳಿದು ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನಿಂದ ಮೇಘಾ, ಸಂಗಮೇಶ್ ದಂಪತಿ ಕೆಂಚಿಯನ್ನು ಸಾಕಲೆಂದು ಕರೆದೊಯ್ಯಲು ಬಂದರು.

ಮೇಘಾ ಬೆನ್ನು ಸವರಿ ಕೇಳಿದಳು: "ಈ ಜಾಗದಲ್ಲಿ ಮಾತ್ರ ಯಾಕೆ ಕೂದಲಿಲ್ಲ?"

ಮರೆವ್ವ ಪಾಪಯ್ಯನವರ ಕಡೆ ನೋಡಿದಳು. ಯಾರೋ ಮಾಡಿದ್ದು ಎಂದು ಅವರು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ನಾನೇ ತಾಯಿ," ಎಂದರು ಪಾಪಯ್ಯನವರು. "ವಾಸಿಯಾಗ್ಲಿ ಅಂತ ಸುಟ್ಟ ಆಯಿಲ್ ಸುರಿದೆ. ಯಾರ್ನೂ ಕೇಳ್ನಿಲ್ಲ."

ಹೊರಡುವಾಗ ಅವರು ಒಂದು ತುಂಡು ಬ್ರೆಡ್ ಚಾಚಿದರು. ಕೆಂಚಿ ಮೂಸಿತು, ಹಿಂದೆ ಸರಿಯಿತು. ಅದೇ ತುಂಡನ್ನು ಮೇಘಾ ಕೊಟ್ಟಾಗ ತಿಂದಿತು.

ಓದುಗರೇ, ನಿಮ್ಮ ಬೀದಿಯ ನಾಯಿಗೆ ಕಜ್ಜಿಯಾದರೆ ಸುಟ್ಟ ಆಯಿಲ್, ಸೀಮೆಎಣ್ಣೆ ಯಾವುದನ್ನೂ ಹಚ್ಚಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. ಬರಿಗೈಯಲ್ಲಿ ಹಿಡಿಯಲು ಹೋಗಬೇಡಿ. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ. ನಾಯಿ ಸಾಕುವ ಮನಸ್ಸಿದ್ದರೆ ಮೊದಲು ನಿಮ್ಮ ಬೀದಿಯನ್ನೇ ನೋಡಿ. ಕರುಣೆಯಿದ್ದರೆ ಸಾಲದು, ತಿಳಿದವರನ್ನು ಒಂದು ಮಾತು ಕೇಳಿ. ಪಾಪಯ್ಯನವರು ಕೇಳಿರಲಿಲ್ಲ.